ಪ್ರಯೋಗಕ್ಕೆ ಒಪ್ಪಿದವರು ನಡುವೆ ಎದ್ದು ಹೋಗಬಹುದೇ?

ಓದುಗರ ಪ್ರಶ್ನೆಗಳಿಗೆ ಮನೋವಿಜ್ಞಾನ ಅಂಕಣದ ಉತ್ತರ

ಈ ಸಲ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮನೋವಿಜ್ಞಾನದ ಸಂಶೋಧನೆಗಳಲ್ಲಿ ಪಾಲ್ಗೊಳ್ಳುವ ಸಾಮಾನ್ಯ ಜನರನ್ನು ಸಂಶೋಧಕರು ಹೇಗೆ ನಡೆಸಿಕೊಳ್ಳಬೇಕು ಎಂಬ ವಿಷಯ ನಾಲ್ಕರಲ್ಲೂ ಇದೆ. ಬರೆದವರ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಾನು ಮನೋವಿಜ್ಞಾನದ ಎಂ.ಎ. ವಿದ್ಯಾರ್ಥಿನಿ. ಇತ್ತೀಚೆಗೆ ತರಗತಿಯಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿಧೇಯತೆಯ ಪ್ರಯೋಗದ ಪಾಠವಾಯಿತು. ಅದರಲ್ಲಿ ವಿದ್ಯುತ್ ಆಘಾತ ಪಡೆಯುತ್ತಿದ್ದಂತೆ ನಟಿಸಿದ ವ್ಯಕ್ತಿಗೆ ನಿಜವಾಗಿ ಏನೂ ಆಗಲಿಲ್ಲ. ಭಾಗವಹಿಸಿದವರಲ್ಲಿ ಬಹುಪಾಲು ಜನ ಆಮೇಲೆ ತಮಗೆ ಸಂತೋಷವೇ ಆಗಿದೆ ಎಂದರು. ಹೀಗಿರುವಾಗ ಅದನ್ನು ಅನೈತಿಕವೆಂದು ಏಕೆ ಹೇಳುತ್ತಾರೆ? ಇಂದಿನ ನಿಯಮಗಳು ಅಂದೇ ಇದ್ದಿದ್ದರೆ ಆ ಜ್ಞಾನವೇ ನಮಗೆ ಸಿಗುತ್ತಿರಲಿಲ್ಲ, ಅಲ್ಲವೇ? — ಮೈಸೂರು

ಉತ್ತರ: ಪಠ್ಯಪುಸ್ತಕಗಳಲ್ಲಿ ಈ ಪ್ರಯೋಗದಿಂದ ಉಳಿದಿರುವುದು ಶೇಕಡಾ 65 ಎಂಬ ಒಂದು ಅಂಕಿ. ಆ ಅಂಕಿಯ ಹಿಂದಿನ ಮನುಷ್ಯರಿಗೆ ಆ ಕೋಣೆಯಲ್ಲಿ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

1961ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಪತ್ರಿಕೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಕಟಣೆಯೊಂದು ಬಂತು. ನೆನಪಿನ ಶಕ್ತಿಯ ಕುರಿತ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ, ಒಂದು ಗಂಟೆಯ ಕೆಲಸಕ್ಕೆ 4 ಡಾಲರ್, ಪ್ರಯಾಣದ ಖರ್ಚಿಗೆ 50 ಸೆಂಟ್ ಕೊಡಲಾಗುವುದು ಎಂದು ಅದರಲ್ಲಿತ್ತು. ಬಂದವರಲ್ಲಿ ಅಂಚೆ ಗುಮಾಸ್ತರು, ಶಾಲಾ ಶಿಕ್ಷಕರು, ಸೇಲ್ಸ್‌ಮನ್‌ಗಳು, ಎಂಜಿನಿಯರುಗಳು, ಕಾರ್ಮಿಕರು ಇದ್ದರು. ಇಬ್ಬಿಬ್ಬರನ್ನು ಒಟ್ಟಿಗೆ ಕೂರಿಸಿ, ಯಾರು ಕಲಿಸುವವರು, ಯಾರು ಕಲಿಯುವವರು ಎಂದು ಗೊತ್ತುಮಾಡಲು ಚೀಟಿ ಎತ್ತಿಸುತ್ತಿದ್ದರು. ಎರಡೂ ಚೀಟಿಗಳಲ್ಲಿ ‘ಕಲಿಸುವವರು’ ಎಂದೇ ಬರೆದಿರುತ್ತಿತ್ತು. ಇನ್ನೊಬ್ಬ ವ್ಯಕ್ತಿ ಮಿಲ್‌ಗ್ರಾಮ್ ಅವರ ಕಡೆಯವರೇ ಆಗಿದ್ದು, ನಟನೆಗಾಗಿ ತರಬೇತಿ ಪಡೆದಿದ್ದರು. ಕಲಿಯುವವರು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕಲಿಸುವವರು ಒಂದು ಹಂತ ಮೇಲಿನ ಸ್ವಿಚ್ ಒತ್ತಬೇಕಿತ್ತು. 15 ವೋಲ್ಟ್‌ನಿಂದ 450 ವೋಲ್ಟ್‌ವರೆಗೆ ಒಟ್ಟು 30 ಸ್ವಿಚ್‌ಗಳು. ನಂಬಿಕೆ ಹುಟ್ಟಿಸಲು ಬಂದವರಿಗೆ 45 ವೋಲ್ಟ್‌ನ ಒಂದು ನಿಜವಾದ ಆಘಾತವನ್ನು ಮೊದಲೇ ಕೊಟ್ಟು ತೋರಿಸುತ್ತಿದ್ದರು. 300 ವೋಲ್ಟ್ ತಲುಪಿದಾಗ ಪಕ್ಕದ ಕೋಣೆಯಿಂದ ಗೋಡೆ ಬಡಿಯುವ ಸದ್ದು ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿನಲ್ಲೇ ಅದೂ ನಿಂತುಹೋಗುತ್ತಿತ್ತು.

1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಪುರುಷರ ವಿವರವಿದೆ, ಅವರಲ್ಲಿ 26 ಮಂದಿ, ಅಂದರೆ ಆ ಶೇಕಡಾ 65, ಕೊನೆಯ ಸ್ವಿಚ್‌ವರೆಗೂ ಹೋದರು. ಜನ ಬೆವರಿದರು, ನಡುಗಿದರು, ತೊದಲಿದರು, ತುಟಿ ಕಚ್ಚಿಕೊಂಡರು, ಉಗುರುಗಳನ್ನು ತಮ್ಮ ಮೈಗೇ ಚುಚ್ಚಿಕೊಂಡರು ಎಂಬುದು ಅದೇ ವರದಿಯಲ್ಲಿರುವ ಮಾತು. 14 ಮಂದಿಗೆ ಹತೋಟಿ ತಪ್ಪಿದ ನಗು ಬಂತು. ಮೂವರಲ್ಲಿ ಅದು ಫಿಟ್ಸ್‌ನಂಥ ಪೂರ್ಣ ಪ್ರಮಾಣದ ಸೆಳೆತವಾಯಿತು. ವಿಶ್ವಕೋಶ ಮಾರುತ್ತಿದ್ದ 46 ವರ್ಷದ ಒಬ್ಬರ ಸೆಳೆತ ಎಷ್ಟು ತೀವ್ರವಾಗಿತ್ತೆಂದರೆ ಪ್ರಯೋಗವನ್ನೇ ಅಲ್ಲಿಗೆ ನಿಲ್ಲಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ ಎಂದು ನಾವು ಹೇಳುವಾಗ ಗೋಡೆಯ ಆಚೆಗಿದ್ದ ನಟನ ಬಗ್ಗೆ ಹೇಳುತ್ತಿರುತ್ತೇವೆ. ಪ್ರಯೋಗ ನಡೆದದ್ದು ಗೋಡೆಯ ಈಚೆಗಿದ್ದವರ ಮೇಲೆ.

ಸುಳ್ಳು ಹೇಳಿದ್ದನ್ನು ಸದ್ಯಕ್ಕೆ ಬದಿಗಿಡೋಣ. ನನ್ನ ಮನಸ್ಸಿಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಬೇರೊಂದು ಸಂಗತಿ. ಬಂದವರಿಗೆ ಹಣವನ್ನು ಆರಂಭದಲ್ಲೇ ಕೊಟ್ಟು, ಇದು ನೀವು ಇಲ್ಲಿಗೆ ಬಂದದ್ದಕ್ಕಾಗಿಯೇ, ಮುಂದೆ ಏನಾದರೂ ಇದು ನಿಮ್ಮದೇ ಎಂದು ಹೇಳಲಾಗಿತ್ತು. ಅಂದರೆ ಕಾಗದದ ಮೇಲೆ ಅವರು ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದಿತ್ತು. ಆದರೆ ಒಬ್ಬ ವ್ಯಕ್ತಿ ಸ್ವಿಚ್‌ನಿಂದ ಕೈ ತೆಗೆದು, ನನಗೆ ಇದು ಬೇಡ ಎಂದಾಗ, ಬೂದು ಬಣ್ಣದ ಕೋಟು ತೊಟ್ಟ ಪ್ರಯೋಗಕರ್ತ ನಾಲ್ಕು ಮಾತುಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಿದ್ದರು. ದಯವಿಟ್ಟು ಮುಂದುವರಿಸಿ, ನೀವು ಮುಂದುವರಿಸುವುದು ಪ್ರಯೋಗಕ್ಕೆ ಅಗತ್ಯ ಎಂದು ಶುರುವಾಗುತ್ತಿದ್ದ ಆ ಮಾತುಗಳು, ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು ಎಂಬಲ್ಲಿಗೆ ಮುಟ್ಟುತ್ತಿದ್ದವು. ನಾಲ್ಕನೆಯದಕ್ಕೂ ಬಗ್ಗದಿದ್ದರೆ ಮಾತ್ರ ಪ್ರಯೋಗ ನಿಲ್ಲುತ್ತಿತ್ತು. ಬೇರೆ ದಾರಿ ಇತ್ತು, ಬಾಗಿಲು ತೆರೆದೇ ಇತ್ತು. ಅದು ಇಲ್ಲವೆಂದು ಹೇಳಿದವರು ಅವರ ಯೋಗಕ್ಷೇಮದ ಹೊಣೆ ಹೊತ್ತಿದ್ದವರೇ. ಒಪ್ಪಿಗೆ ಎಂಬುದು ಬಾಗಿಲಲ್ಲಿ ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ, ಕೊನೆಯ ಕ್ಷಣದವರೆಗೂ ಹಿಂದಕ್ಕೆ ಪಡೆಯಲು ಬರುವಂಥದ್ದು ಎಂದು ನಾವು ಇಂದು ಒತ್ತಿ ಹೇಳುವುದರ ಹಿಂದೆ ಆ ನಾಲ್ಕನೆಯ ಮಾತಿನ ನೆನಪಿದೆ.

ಇನ್ನು ಆಮೇಲೆ ಸಂತೋಷವಾಯಿತು ಎಂಬ ವಾದ. 1964ರಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಮನೋವಿಜ್ಞಾನಿ, ನಂಬಿ ಬಂದ ಜನರ ಘನತೆಗೆ ಇಲ್ಲಿ ಧಕ್ಕೆಯಾಗಿದೆ ಎಂದು ಕಟುವಾಗಿ ಬರೆದರು. ಅದಕ್ಕೆ ಅದೇ ವರ್ಷ ಕೊಟ್ಟ ಉತ್ತರದಲ್ಲಿ ಮಿಲ್‌ಗ್ರಾಮ್, ಆಮೇಲೆ ಕಳಿಸಿದ ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ಶೇಕಡಾ 84ರಷ್ಟು ಜನ ಭಾಗವಹಿಸಿದ್ದಕ್ಕೆ ಸಂತೋಷಪಟ್ಟರು, ಬೇಸರಪಟ್ಟವರು ಶೇಕಡಾ 1.3 ಮಾತ್ರ ಎಂಬ ಅಂಕಿಗಳನ್ನು ಮುಂದಿಟ್ಟರು. ಆ ಅಂಕಿಗಳನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಅವು ಬೇರೊಂದು ಪ್ರಶ್ನೆಗೆ ಉತ್ತರ. ದೊಡ್ಡ ವಿಶ್ವವಿದ್ಯಾಲಯವೊಂದು, ನೀವು ವಿಜ್ಞಾನಕ್ಕೆ ಮಹತ್ವದ ಕೊಡುಗೆ ಕೊಟ್ಟಿದ್ದೀರಿ ಎಂದು ವಿವರಿಸಿ ಪತ್ರ ಬರೆದ ಮೇಲೆ ತನ್ನ ಕಷ್ಟಕ್ಕೆ ಒಂದು ಅರ್ಥ ಕಂಡುಕೊಳ್ಳುವುದು ಮನುಷ್ಯ ಸ್ವಭಾವ. ಅದರಿಂದ, ಸಾಕು ಎಂದಾಗ ಅವರ ಮಾತನ್ನು ತಳ್ಳಿಹಾಕಿದ್ದು ಸರಿಯಾಗುವುದಿಲ್ಲ. ನಿಜಸಂಗತಿ ತಿಳಿಸಿದ ರೀತಿಯ ಬಗ್ಗೆಯೂ ಹೇಳಬೇಕು. ಪ್ರಯೋಗ ಮುಗಿದೊಡನೆ ಇಬ್ಬರನ್ನೂ ಸ್ನೇಹದಿಂದ ಮುಖಾಮುಖಿ ಮಾಡಿಸಲಾಯಿತು ಎಂದು ವರದಿ ಹೇಳುತ್ತದೆ. ಆಸ್ಟ್ರೇಲಿಯಾದ ಮನೋವಿಜ್ಞಾನಿ ಜೀನಾ ಪೆರಿ ಅವರು ಯೇಲ್‌ನ ಕಡತಗಳನ್ನೂ ಧ್ವನಿಮುದ್ರಣಗಳನ್ನೂ ಪರಿಶೀಲಿಸಿ, ಭಾಗವಹಿಸಿದ್ದ ಕೆಲವರನ್ನು ಹುಡುಕಿ ಮಾತನಾಡಿಸಿದಾಗ, ಆಘಾತಗಳೇ ಸುಳ್ಳು ಎಂಬ ಪೂರ್ಣ ಸತ್ಯ ಬಹಳ ಜನರಿಗೆ ಅಂದು ತಿಳಿದಿರಲಿಲ್ಲ, ತಿಂಗಳುಗಳ ನಂತರ ಅಂಚೆಯಲ್ಲಿ ಬಂದ ವರದಿಯಿಂದ ತಿಳಿಯಿತು ಎಂಬುದು ಹೊರಬಂತು. ಅಷ್ಟು ಕಾಲ ತಾನೊಬ್ಬ ಅಮಾಯಕನನ್ನು ಹಿಂಸಿಸಿದೆ ಎಂದುಕೊಂಡು ಒಬ್ಬ ಮನುಷ್ಯ ಅದೇ ಊರಿನಲ್ಲಿ ಓಡಾಡಿಕೊಂಡಿರಬೇಕಾಯಿತು ಎಂಬುದನ್ನು ಯೋಚಿಸಿ.

ಮಿಲ್‌ಗ್ರಾಮ್ ಕ್ರೂರಿಯಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಸಾಮಾನ್ಯ ಜನ ಆಜ್ಞೆಯ ಹೆಸರಿನಲ್ಲಿ ನರಮೇಧಕ್ಕೆ ಹೇಗೆ ಕೈಜೋಡಿಸಿದರು ಎಂಬ, ಎರಡನೆಯ ಮಹಾಯುದ್ಧ ಬಿಟ್ಟುಹೋದ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಪ್ರಶ್ನೆ ದೊಡ್ಡದಾದಷ್ಟೂ ಎದುರಿಗೆ ಕೂತಿರುವ ಒಬ್ಬ ವ್ಯಕ್ತಿ ಸಂಶೋಧಕನ ಕಣ್ಣಿಗೆ ಚಿಕ್ಕವನಾಗಿ ಕಾಣುವ ಅಪಾಯವಿರುತ್ತದೆ. 1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಬಂದವರಿಗೆ ಕೈದಿಗಳ ಮತ್ತು ಕಾವಲುಗಾರರ ಪಾತ್ರ ಹಂಚಿ ನಡೆಸಿದ ಅಣಕು ಜೈಲಿನ ಪ್ರಯೋಗದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ಅಲ್ಲಿ ಪ್ರಯೋಗ ನಡೆಸಿದ ಫಿಲಿಪ್ ಜಿಂಬಾರ್ಡೊ ತಾವೇ ಜೈಲಿನ ಸೂಪರಿಂಟೆಂಡೆಂಟ್ ಆಗಿದ್ದರು. ಬಿಡುಗಡೆ ಕೇಳಿದ ‘ಕೈದಿ’ಗೆ ಮೊದಲು ಸಿಕ್ಕಿದ್ದು, ಒಳಗಿನ ಸುದ್ದಿ ಕೊಡುವುದಾದರೆ ಕಾವಲುಗಾರರ ಕಾಟ ತಪ್ಪಿಸುತ್ತೇವೆ ಎಂಬ ಪ್ರಸ್ತಾಪ. ಎರಡು ವಾರಕ್ಕೆಂದು ಯೋಜಿಸಿದ್ದ ಪ್ರಯೋಗ ಆರನೆಯ ದಿನಕ್ಕೆ ನಿಂತಿತು. ಅದಕ್ಕೆ ಒಂದು ಮುಖ್ಯ ಕಾರಣ, ಹೊರಗಿನಿಂದ ಬಂದು ನೋಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಯುವ ಮನೋವಿಜ್ಞಾನಿಯ ಪ್ರತಿಭಟನೆ. ಒಳಗಿದ್ದವರಿಗೆ ಕಾಣದೇ ಹೋದದ್ದು ಹೊರಗಿನಿಂದ ಬಂದವರ ಕಣ್ಣಿಗೆ ಕೂಡಲೇ ಬಿತ್ತು. ಪ್ರತಿ ಅಧ್ಯಯನವನ್ನೂ ಅದು ಶುರುವಾಗುವ ಮೊದಲೇ ಸ್ವತಂತ್ರ ನೈತಿಕ ಸಮಿತಿಯೊಂದು ಪರಿಶೀಲಿಸಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಗೊತ್ತಿಲ್ಲ.

ನಿಯಮಗಳಿದ್ದಿದ್ದರೆ ಜ್ಞಾನ ಸಿಗುತ್ತಿರಲಿಲ್ಲ ಎಂಬ ನಿಮ್ಮ ಕೊನೆಯ ಮಾತಿಗೆ ಅಮೆರಿಕದ ಮನೋವಿಜ್ಞಾನಿ ಜೆರ್ರಿ ಬರ್ಗರ್ ಅವರ ಕೆಲಸವೇ ಉತ್ತರ. ಮಿಲ್‌ಗ್ರಾಮ್ ಅವರ ಪ್ರಯೋಗದಲ್ಲಿ 150 ವೋಲ್ಟ್ ದಾಟಿದವರಲ್ಲಿ ಹೆಚ್ಚಿನವರು, ಶೇಕಡಾ 79ರಷ್ಟು ಜನ, ಕೊನೆಯವರೆಗೂ ಹೋಗಿದ್ದನ್ನು ಗಮನಿಸಿದ ಬರ್ಗರ್, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು 150 ವೋಲ್ಟ್‌ಗೇ ನಿಲ್ಲಿಸಿದರು. ಒತ್ತಡ ತಾಳಲಾರದವರನ್ನು ಮೊದಲೇ ಎರಡು ಹಂತಗಳಲ್ಲಿ ಸೋಸಿ ಬಿಡಲಾಯಿತು. ಯಾವಾಗ ಬೇಕಾದರೂ ಹೊರಟುಹೋಗಬಹುದು, 50 ಡಾಲರ್ ನಿಮ್ಮದೇ ಎಂದು ಪ್ರತಿಯೊಬ್ಬರಿಗೂ ಕನಿಷ್ಠ ಮೂರು ಸಲ ತಿಳಿಸಲಾಯಿತು. ಮಾದರಿ ಆಘಾತ 15 ವೋಲ್ಟ್‌ಗೆ ಇಳಿಯಿತು. ಪ್ರಯೋಗ ನಡೆಸಿದವರು ತರಬೇತಿ ಪಡೆದ ಚಿಕಿತ್ಸಾ ಮನೋವಿಜ್ಞಾನಿಯಾಗಿದ್ದು, ಸಂಕಟದ ಲಕ್ಷಣ ಕಂಡ ಕೂಡಲೇ ನಿಲ್ಲಿಸುವ ಸೂಚನೆ ಅವರಿಗಿತ್ತು. ಮುಗಿದ ಕೆಲವೇ ಸೆಕೆಂಡುಗಳಲ್ಲಿ ಸತ್ಯ ತಿಳಿಸಲಾಯಿತು. ಶೇಕಡಾ 70ರಷ್ಟು ಜನ 150 ವೋಲ್ಟ್ ದಾಟಲು ಸಿದ್ಧರಿದ್ದರು. ಆ ನಾಲ್ಕು ಒತ್ತಾಯದ ಮಾತುಗಳನ್ನು ಬರ್ಗರ್ ಕೂಡ ಉಳಿಸಿಕೊಂಡದ್ದರಿಂದ ನನ್ನ ಆಕ್ಷೇಪ ಪೂರ್ತಿಯಾಗಿ ಹೋಗಿಲ್ಲ. ಆದರೂ ಮನುಷ್ಯರನ್ನು ಇಷ್ಟು ಜೋಪಾನ ಮಾಡಿಯೂ ಅದೇ ಪ್ರಶ್ನೆಯನ್ನು ಕೇಳಬಹುದು, ಉತ್ತರವೂ ಸಿಗುತ್ತದೆ ಎಂಬುದನ್ನು ಆ ಅಧ್ಯಯನ ತೋರಿಸಿಕೊಟ್ಟಿತು.

ಪ್ರಶ್ನೆ: ಡಿಗ್ರಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮಗೆ ಪಾಠ ಮಾಡುವ ಮೇಡಂ ತಮ್ಮ ಪಿಎಚ್.ಡಿ.ಗಾಗಿ ತರಗತಿಯಲ್ಲೇ ಎಲ್ಲರಿಗೂ ಪ್ರಶ್ನಾವಳಿ ಹಂಚಿದರು. ಸ್ವಂತ ಇಚ್ಛೆಯಿಂದ ಭಾಗವಹಿಸುತ್ತಿದ್ದೇನೆ ಎಂದು ಮೇಲೆ ಅಚ್ಚಾಗಿತ್ತು, ಕೆಳಗೆ ರಿಜಿಸ್ಟರ್ ನಂಬರ್ ಬರೆಯಬೇಕಿತ್ತು. ಪ್ರೀತಿ ಪ್ರೇಮ, ಕುಡಿತ, ಮನೆಯವರೊಂದಿಗಿನ ಜಗಳದ ಬಗ್ಗೆ ಪ್ರಶ್ನೆಗಳಿದ್ದವು. ಬೇಡ ಎನ್ನಲು ಧೈರ್ಯ ಬರಲಿಲ್ಲ, ಏಕೆಂದರೆ ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ. ಇದು ಸರಿಯೇ? — ದಾವಣಗೆರೆ

ಉತ್ತರ: ಸರಿಯಲ್ಲ. ನಿಮ್ಮ ಮೇಡಂಗೆ ಕೆಟ್ಟ ಉದ್ದೇಶವಿತ್ತು ಎಂದು ಭಾವಿಸಬೇಕಿಲ್ಲ. ಕೈಗೆ ಸುಲಭವಾಗಿ ಸಿಗುವುದು ತಮ್ಮ ವಿದ್ಯಾರ್ಥಿಗಳೇ ಎಂಬ ಕಾರಣಕ್ಕೆ ನಮ್ಮ ಕಾಲೇಜುಗಳಲ್ಲಿ ಎಷ್ಟೋ ಸಂಶೋಧನೆಗಳು ಹೀಗೆಯೇ ನಡೆಯುತ್ತವೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ವಿದ್ಯಾರ್ಥಿಗಳನ್ನೂ ಕೈಕೆಳಗಿನ ನೌಕರರನ್ನೂ ಕೈದಿಗಳನ್ನೂ ಒಂದೇ ಸಾಲಿನಲ್ಲಿಟ್ಟು, ಮೇಲಿನವರ ಅಧಿಕಾರಕ್ಕೆ ಒಳಪಟ್ಟಿರುವುದರಿಂದ ಸ್ವತಂತ್ರವಾಗಿ ಒಪ್ಪಿಗೆ ಕೊಡುವ ಶಕ್ತಿ ಕುಂದಿರುವವರು ಎಂದು ಗುರುತಿಸುತ್ತದೆ. ಅವರಿಗೆ ಹೆಚ್ಚಿನ ರಕ್ಷಣೆ ಬೇಕು ಎಂಬುದು ಇದರ ಅರ್ಥ.

ಇಲ್ಲಿ ಒಪ್ಪಿಗೆಯನ್ನು ಕೆಡಿಸಿದ್ದು ಮುಖ್ಯವಾಗಿ ಎರಡು ಸಂಗತಿಗಳು. ಅಂಕ ಕೊಡುವವರೇ ಎದುರಿಗೆ ನಿಂತು ಹಾಳೆ ಹಂಚಿದರು. ರಿಜಿಸ್ಟರ್ ನಂಬರ್ ಬರೆಸಿಕೊಂಡು, ಯಾರು ಏನು ಬರೆದರು, ಯಾರು ಖಾಲಿ ಬಿಟ್ಟರು ಎಂಬುದನ್ನು ತಿಳಿಯುವ ದಾರಿಯನ್ನೂ ಇಟ್ಟುಕೊಂಡರು. ಎರಡನ್ನೂ ತಪ್ಪಿಸುವುದು ಕಷ್ಟವೇನಲ್ಲ. ಬೇರೆ ವಿಭಾಗದವರೊಬ್ಬರು ಹಾಳೆ ಹಂಚಿ, ಮೇಡಂ ಕೋಣೆಯಿಂದ ಹೊರಗಿದ್ದು, ತುಂಬಿದವರೂ ತುಂಬದವರೂ ಒಂದೇ ಬಗೆಯ ಲಕೋಟೆಯಲ್ಲಿ ಹಾಳೆಯನ್ನು ಮುಚ್ಚಿ ಪೆಟ್ಟಿಗೆಗೆ ಹಾಕಿ ಹೋಗುವಂತಿದ್ದರೆ, ಬೇಡ ಎನ್ನುವುದಕ್ಕೆ ಧೈರ್ಯವೇ ಬೇಕಾಗುತ್ತಿರಲಿಲ್ಲ. ಭಾಗವಹಿಸಿದವರಿಗೆ ಹೆಚ್ಚುವರಿ ಅಂಕ ಕೊಡುವುದಾದರೆ, ಒಪ್ಪದವರಿಗೂ ಅಷ್ಟೇ ಅಂಕ ತರುವ ಬೇರೆ ಕೆಲಸದ ಆಯ್ಕೆ ಕೊಡಬೇಕು ಎಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ನೀತಿ ಸಂಹಿತೆ ಹೇಳುತ್ತದೆ. ನಮ್ಮಲ್ಲೂ ಅದನ್ನು ಪಾಲಿಸಬಹುದು.

ನಿಮ್ಮ ಹಾಳೆಯನ್ನು ಅಧ್ಯಯನದಿಂದ ತೆಗೆಯಿರಿ ಎಂದು ಈಗಲೂ ಕೇಳಬಹುದು. ನಿಮ್ಮ ಸಂಖ್ಯೆ ಅದರ ಮೇಲಿರುವುದರಿಂದ ಹುಡುಕಿ ತೆಗೆಯುವುದು ಸಾಧ್ಯವಿದೆ. ಮೇಡಂ ಬಳಿ ನೇರವಾಗಿ ಹೇಳಲು ಸಂಕೋಚವಾದರೆ ನಾಲ್ಕೈದು ಜನ ಸೇರಿ ವಿಭಾಗದ ಮುಖ್ಯಸ್ಥರ ಮೂಲಕ ಹೇಳಿಸಿ, ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಪಡೆಯಲಾಗಿದೆಯೇ ಎಂದೂ ವಿನಯದಿಂದ ವಿಚಾರಿಸಿ.

ಪ್ರಶ್ನೆ: ಏಳನೇ ತರಗತಿಯಲ್ಲಿರುವ ನನ್ನ ಮಗಳು ಶಾಲೆಯಲ್ಲಿ ಒಂದು ಸರ್ವೆಗೆ ಉತ್ತರ ಬರೆದಿದ್ದಾಳೆ. ಅಪ್ಪ ಅಮ್ಮ ಜಗಳವಾಡುತ್ತಾರೆಯೇ, ಸಾಯಬೇಕು ಅನ್ನಿಸಿದ್ದಿದೆಯೇ ಎಂದೆಲ್ಲ ಅದರಲ್ಲಿ ಕೇಳಿದ್ದರಂತೆ. ನಮಗೆ ಯಾರೂ ಒಂದು ಮಾತು ತಿಳಿಸಲಿಲ್ಲ. ಹೆಡ್‌ಮಾಸ್ಟರ್ ಅನುಮತಿ ಕೊಟ್ಟಿದ್ದಾರೆ ಎನ್ನುತ್ತಾರೆ. ಇಂಥ ಪ್ರಶ್ನೆ ಕೇಳಿದರೆ ಮಕ್ಕಳ ತಲೆಯಲ್ಲಿ ಇಲ್ಲದ ವಿಚಾರ ಬರುವುದಿಲ್ಲವೇ? — ಹುಬ್ಬಳ್ಳಿ

ಉತ್ತರ: ನಿಮ್ಮ ಕೊನೆಯ ಆತಂಕಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಯೋಚನೆಯಲ್ಲಿ ನಿಮಗೆ ನಿದ್ದೆ ಬರದಿರಬಹುದು. ಸಾಯುವ ಯೋಚನೆಯ ಬಗ್ಗೆ ನೇರವಾಗಿ, ಸಮಾಧಾನದಿಂದ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಮೊದಲೇ ಕಷ್ಟದಲ್ಲಿರುವ ಮಗುವಿಗೆ ಕೇಳುವವರಿದ್ದಾರೆ ಎಂಬುದೇ ಸಮಾಧಾನ ತರಬಹುದು. ಇಲ್ಲಿ ತಪ್ಪಿದ್ದು, ಕೇಳಿದ ಮೇಲಿನ ಹೊಣೆಯನ್ನು ಯಾರು ಹೊರುತ್ತಾರೆ ಎಂಬ ವಿಷಯದಲ್ಲಿ.

ಒಂದು ಮಗು ಆ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿತು ಎಂದಿಟ್ಟುಕೊಳ್ಳಿ. ಆ ಹಾಳೆ ಕಟ್ಟಿನೊಳಗೆ ಸೇರಿ, ವಾರಗಳ ನಂತರ ಕಂಪ್ಯೂಟರಿನಲ್ಲಿ 1 ಎಂಬ ಅಂಕಿಯಾಗಿ ದಾಖಲಾದರೆ ಸಂಶೋಧಕರು ತಮ್ಮ ಕರ್ತವ್ಯದಲ್ಲಿ ಸೋತಂತೆ. ಇಂಥ ಪ್ರಶ್ನೆ ಇಡುವವರು ಅದೇ ದಿನ ಉತ್ತರಗಳನ್ನು ನೋಡುವ ಏರ್ಪಾಡು, ಮಗುವಿನೊಡನೆ ಮಾತನಾಡಬಲ್ಲ ಆಪ್ತಸಮಾಲೋಚಕರು, ಪೋಷಕರಿಗೆ ಯಾವಾಗ ಮತ್ತು ಹೇಗೆ ತಿಳಿಸಬೇಕೆಂಬ ತೀರ್ಮಾನ, ಇಷ್ಟನ್ನೂ ಮೊದಲೇ ಸಿದ್ಧಮಾಡಿಕೊಂಡಿರಬೇಕು. ನಿನ್ನ ಉತ್ತರ ಗುಟ್ಟಾಗಿರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯವಿದೆ ಎಂದು ನಮಗೆ ತೋರಿದರೆ ದೊಡ್ಡವರೊಬ್ಬರಿಗೆ ಹೇಳುತ್ತೇವೆ ಎಂಬ ಮಾತನ್ನು ಮಗುವಿಗೆ ಪೆನ್ನು ಕೊಡುವ ಮೊದಲೇ ಹೇಳಿರಬೇಕು. ಎಲ್ಲವೂ ಗುಟ್ಟು ಎಂದು ಮಾತುಕೊಟ್ಟು ಆಮೇಲೆ ಮುರಿಯುವುದೂ ಮೋಸವೇ.

ಹೆಡ್‌ಮಾಸ್ಟರ್ ಕೊಟ್ಟ ಅನುಮತಿಯಿಂದ ಸಂಶೋಧಕರು ಶಾಲೆಯ ಒಳಗೆ ಬರಬಹುದು, ಅಷ್ಟೇ. ಅದು ನಿಮ್ಮ ಒಪ್ಪಿಗೆಯ ಜಾಗದಲ್ಲಿ ನಿಲ್ಲುವುದಿಲ್ಲ. ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರೆಗೆ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಲಿಖಿತ ಸಮ್ಮತಿ. ಅಪ್ಪ ಅಮ್ಮ ಹ್ಞೂಂ ಎಂದರೂ ಮಗು ಒಲ್ಲೆ ಎಂದರೆ ಮಗುವಿನ ಮಾತಿಗೆ ಬೆಲೆ ಕೊಡಬೇಕು. ಈ ಭಾಗ ನಮ್ಮ ಶಾಲೆಗಳಲ್ಲಿ ಬಹುತೇಕ ಮರೆತೇಹೋಗಿದೆ. ತರಗತಿಯಲ್ಲಿ ದೊಡ್ಡವರು ಕೊಟ್ಟ ಹಾಳೆಯನ್ನು ಮಕ್ಕಳು ಪರೀಕ್ಷೆಯೆಂದೇ ತಿಳಿದು ತುಂಬುತ್ತಾರೆ. ಇದು ಪರೀಕ್ಷೆಯಲ್ಲ, ಬೇಡವಾದರೆ ಬಿಡಬಹುದು ಎಂದು ಅವರಿಗೆ ಅರ್ಥವಾಗುವಂತೆ ಹೇಳುವುದಕ್ಕೆ ಸಮಯ ಬೇಕಾಗುತ್ತದೆ. ಸಮಯ ಕೊಡಲಾಗದವರು ಮಕ್ಕಳ ಮೇಲೆ ಅಧ್ಯಯನ ಮಾಡಬಾರದು.

ಶಾಲೆಯಿಂದ ಸಂಶೋಧಕರ ವಿವರ ಪಡೆದು, ನಿಮ್ಮ ಮಗಳ ಹಾಳೆಯನ್ನು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿ. ಮನೆಯಲ್ಲಿ ಮಗಳನ್ನು, ಏನು ಬರೆದೆ ಎಂದು ವಿಚಾರಣೆ ಮಾಡುವಂತೆ ಕೇಳಬೇಡಿ. ಆ ಪ್ರಶ್ನೆಗಳನ್ನು ಓದಿದಾಗ ನಿನಗೆ ಹೇಗನ್ನಿಸಿತು ಎಂದು ಕೇಳಿ, ಅವಳು ಹೇಳಿದಷ್ಟನ್ನು ಕೇಳಿಸಿಕೊಳ್ಳಿ. ಆತಂಕಪಡುವಂಥದ್ದೇನಾದರೂ ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ, ಕರೆಗೆ ಹಣವಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದ್ದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾನೆ. ಅಲ್ಲಿ ಸಂಶೋಧನೆಗೆಂದು ಅವನ ಸಂದರ್ಶನ ಮಾಡಿದ್ದಾರೆ. ಅವನೇ ಸಹಿ ಹಾಕಿದ್ದಾನಂತೆ. ಅವನ ಸಹಿಗೆ ಬೆಲೆಯಿದೆಯೇ? ಈಗ ಅವನು ಇನ್ನು ಹೋಗುವುದಿಲ್ಲ ಎನ್ನುತ್ತಿದ್ದಾನೆ. ಚಿಕಿತ್ಸೆಗೆ ತೊಂದರೆಯಾದೀತೆಂದು ನಮಗೆ ಭಯ. — ಶಿವಮೊಗ್ಗ

ಉತ್ತರ: ಬೆಲೆಯಿದೆ. ಕಾಯಿಲೆಯ ಹೆಸರನ್ನು ನೋಡಿ ಒಬ್ಬರಿಗೆ ತಿಳಿವಳಿಕೆಯಿಲ್ಲ ಎಂದು ತೀರ್ಮಾನಿಸುವುದು ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಂ, ಸಂಶೋಧನೆಗಾಗಿ ಬರೀ ಸಂದರ್ಶನ ಮಾಡುವುದಿದ್ದರೂ ಮಾನಸಿಕ ಕಾಯಿಲೆಯಿರುವ ವ್ಯಕ್ತಿಯಿಂದಲೇ, ವಿಷಯವನ್ನು ತಿಳಿಸಿ, ಸ್ವತಂತ್ರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದ, ಆದರೆ ವಿರೋಧಿಸದ ವ್ಯಕ್ತಿಯ ಮೇಲೆ ಔಷಧ ಅಥವಾ ಇತರ ಪ್ರಯೋಗ ಮಾಡುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಂಥ ಅಧ್ಯಯನವನ್ನು ಒಪ್ಪಿಗೆ ಕೊಡಬಲ್ಲವರ ಮೇಲೆ ಮಾಡಲು ಸಾಧ್ಯವೇ ಇಲ್ಲ ಎಂಬುದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು, ವ್ಯಕ್ತಿ ನೇಮಿಸಿದ ಪ್ರತಿನಿಧಿಯೂ ಒಪ್ಪಬೇಕು.

ಕೊಟ್ಟ ಒಪ್ಪಿಗೆಯನ್ನು ಸಂಶೋಧನೆ ನಡೆಯುತ್ತಿರುವಾಗ ಯಾವ ಹೊತ್ತಿನಲ್ಲಾದರೂ ಹಿಂದಕ್ಕೆ ಪಡೆಯಬಹುದು ಎಂದು ಅದೇ ಕಲಂ ಹೇಳುತ್ತದೆ. ಆದ್ದರಿಂದ ನಿಮ್ಮ ತಮ್ಮನಿಗೆ ಇಷ್ಟವಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಕಾರಣ ಹೇಳಬೇಕಾದ ಅಗತ್ಯವಿಲ್ಲ. ಸಂಶೋಧನೆಯಿಂದ ಹೊರಬಂದದ್ದಕ್ಕಾಗಿ ಅವನಿಗೆ ಸಿಗುತ್ತಿರುವ ಚಿಕಿತ್ಸೆಯಲ್ಲಿ ಯಾವ ಕಡಿತವನ್ನೂ ಮಾಡುವಂತಿಲ್ಲ. ಚಿಕಿತ್ಸೆ ಕೊಡುವ ವೈದ್ಯರೇ ಸಂಶೋಧಕರೂ ಆಗಿರುವ ಕಡೆ ನಿಮ್ಮಂಥ ಭಯ ಸಹಜ. ಹಾಗಿದ್ದರೆ ಈ ವಿಷಯವನ್ನು ಅವರೊಬ್ಬರ ಬಳಿ ಇತ್ಯರ್ಥ ಮಾಡಿಕೊಳ್ಳಲು ಹೋಗಬೇಡಿ. ಆಸ್ಪತ್ರೆಯ ನೈತಿಕ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಗೆ ಸೇರದವರಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಹೊರಗಿನವರಿರಬೇಕು ಎಂಬ ನಿಯಮ ಇರುವುದು ಇಂಥ ಸಂದರ್ಭಗಳಿಗಾಗಿಯೇ. ನಿಮ್ಮ ತಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರದ ಒಂದು ಪ್ರತಿ ಅವನ ಬಳಿ ಇರಬೇಕು, ಸಂಶೋಧಕರನ್ನೂ ಸಮಿತಿಯನ್ನೂ ಸಂಪರ್ಕಿಸುವ ವಿವರ ಅದರಲ್ಲಿರಬೇಕು. ಪ್ರತಿ ಸಿಕ್ಕಿಲ್ಲದಿದ್ದರೆ ಕೇಳಿ ಪಡೆಯಿರಿ, ಸಮಿತಿಯ ಕಾರ್ಯದರ್ಶಿಗೆ ನಾಲ್ಕು ಸಾಲಿನ ಪತ್ರವನ್ನು ತಮ್ಮನ ಕೈಯಿಂದಲೇ ಬರೆಸಿ ಕೊಡಿ.